ಅಕ್ವೇರಿಯಂ ಮೀನನ್ನು ಹೊಳೆಗೆ ಬಿಡಬೇಡಿ

ಕಳೆದ ಈದ್ ರಜೆಯಲ್ಲಿ ಸುರಪುರದ ನಮ್ಮ ಖಾಲಾ ಅವರ ಮನೆಯ ಅಕ್ವೇರಿಯಂ ಮೀನುಗಳು ಮಂಕಾದವು. ಮೈ ಕಪ್ಪಿಟ್ಟು, ಆಹಾರ ಮುಟ್ಟದೆ ಮೂಲೆ ಹಿಡಿದವು. ಎರಡು ಸತ್ತೂಹೋದವು. "ಇಲ್ಲೇ ಸಾಯೂದ್ಕಿಂತ ಹೊಳಿಗಿ ಬಿಡ್ರಿ, ಸವಾಬ್ ಆದ್ರೂ ಸಿಗ್ತದ" ಎಂದರು ಖಾಲಾ. ನಾನೂ ತಮ್ಮನೂ ಉಳಿದ ಮೀನುಗಳನ್ನು ಬಕೆಟ್‌ನಲ್ಲಿ ಒಯ್ದು ತಿಂಥಣಿಯಲ್ಲಿ ಕೃಷ್ಣಾ ನದಿಗೆ ಬಿಟ್ಟೆವು. ಒಳ್ಳೆಯ ಕೆಲಸ ಮಾಡಿದೆವು ಎಂದೇ ಮನೆಗೆ ಬಂದೆವು.

ಈಗ ಹಾಗೆ ಅನಿಸುವುದಿಲ್ಲ. ವೈರಸ್‌ಗಳ ಪಾಠ ಮುಗಿದ ಮೇಲೆ ನಾನು ಇರಿಡೋವೈರಸ್ ಎಂಬ ಕುಟುಂಬದ ಬಗ್ಗೆ ಓದಿದೆ. ಇವು ಡಿಎನ್‌ಎ ವೈರಸ್‌ಗಳು. ಮೀನು, ಕಪ್ಪೆ, ಕೀಟಗಳಿಗೆ ತಗಲುತ್ತವೆ, ಮನುಷ್ಯರಿಗೆ ತಗಲುವುದಿಲ್ಲ. 1954ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಬಗೆಯ ನೊಣದ ಮರಿಹುಳುಗಳಲ್ಲಿ ಇದು ಮೊದಲು ಕಂಡಿತು. ವೈರಸ್ ಕಣಗಳು ಒತ್ತಾಗಿ ಸಾಲುಗಟ್ಟಿ ಹುಳುವಿನ ಮೈ ನೀಲಿಯಾಗಿ ಹೊಳೆಯುತ್ತಿತ್ತು. ಅದಕ್ಕೇ ಗ್ರೀಕರ ಕಾಮನಬಿಲ್ಲಿನ ದೇವತೆ ಐರಿಸ್‌ಳ ಹೆಸರು.

ಹೆಸರು ಚಂದ, ಕೆಲಸ ಕ್ರೂರ. ಮೀನಿನ ಗುಲ್ಮ, ಮೂತ್ರಪಿಂಡಗಳನ್ನು ಹಾಳು ಮಾಡುತ್ತದೆ. ರೋಗ ಬಂದ ಮೇಲೆ ಗುಣಪಡಿಸುವ ಔಷಧಿ ಇಲ್ಲ. 2003ರಲ್ಲಿ ಆಸ್ಟ್ರೇಲಿಯಾದ ಸಾಕಣೆ ಕೇಂದ್ರವೊಂದರಲ್ಲಿ ಮರ್ರೆ ಕಾಡ್ ಮೀನಿನ ಮರಿಗಳು ಸಾಮೂಹಿಕವಾಗಿ ಸತ್ತವು. ಆ ವೈರಸ್ಸಿಗೂ ಅಂಗಡಿಯಲ್ಲಿ ಮಾರುವ ಗೌರಾಮಿ ಎಂಬ ಅಲಂಕಾರದ ಮೀನಿನ ವೈರಸ್ಸಿಗೂ ನಂಟಿದೆ ಎಂದು ವಿಜ್ಞಾನಿಗಳು ತೋರಿಸಿದರು. ಇದು ದೂರದ ಕಥೆಯಲ್ಲ. ನಮ್ಮ ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ಪಂಜರದೊಳಗೆ ಸಾಕಿದ ಸೀಬಾಸ್ ಮೀನುಗಳಿಗೂ ಇದೇ ಕುಟುಂಬದ ರೋಗ ತಗಲಿದ ವರದಿ 2020ರಲ್ಲಿ ಪ್ರಕಟವಾಗಿದೆ.

ನಮ್ಮ ಮೀನುಗಳಿಗೆ ಇದೇ ರೋಗವಿತ್ತು ಎಂದು ನಾನು ಹೇಳುತ್ತಿಲ್ಲ. ಯಾವ ರೋಗವೆಂದು ತಿಳಿಯದೆ ಬಿಟ್ಟೆವಲ್ಲ, ಅದೇ ತಪ್ಪು. ಆ ಹೊಳೆಯಲ್ಲಿ ಬಲೆ ಹಾಕಿ ಬದುಕುವವರಿದ್ದಾರೆ. ದಂಡೆಯ ಗದ್ದೆಗಳಲ್ಲಿ ಹುಳು ತಿನ್ನುವ ಕಪ್ಪೆಗಳಿವೆ. ಒಂದು ಬಕೆಟ್ ನೀರನ್ನು ಸುರಿಯುವುದು ಸುಲಭ, ವಾಪಸ್ ತೆಗೆಯಲಾಗದು.

ಸಾಕಲಾಗದಿದ್ದರೆ ಆರೋಗ್ಯವಾಗಿರುವ ಮೀನನ್ನು ಸಾಕುವವರಿಗೆ ಕೊಡಿ. ಕಾಯಿಲೆಯ ಮೀನನ್ನು ಬೇರೆ ತೊಟ್ಟಿಯಲ್ಲಿಡಿ, ಮೀನುಗಾರಿಕೆ ಇಲಾಖೆಯವರನ್ನು ಕೇಳಿ. ಸತ್ತದ್ದನ್ನು ಹೊಳೆ, ಬಾವಿಗಳಿಂದ ದೂರ ಸುಣ್ಣ ಹಾಕಿ ಹೂಳಿ. ತೊಟ್ಟಿಯ ನೀರನ್ನೂ ಕೆರೆ, ಕಾಲುವೆಗೆ ಚೆಲ್ಲಬೇಡಿ.

ತಿಂಥಣಿಯ ಮೌನೇಶ್ವರರಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಪಕ್ಕದ ಹೊಳೆಯೂ ಹಾಗೇ ಎಲ್ಲರದು, ನಮ್ಮ ಕೈಗೆ ಬಂದಿರುವ ಅಮಾನತ್. ದಯೆ ಇದ್ದರೆ ಸಾಲದು, ಅದರ ಜೊತೆ ತಿಳಿವಳಿಕೆಯೂ ಇರಬೇಕು. ಇದನ್ನು ಖಾಲಾಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೇ ಯಾಕ ಹೇಳ್ಲಿಲ್ಲ?" ಎಂದರು. ಅದಕ್ಕೇ ನಿಮಗೆ ಮೊದಲೇ ಹೇಳುತ್ತಿದ್ದೇನೆ.