ಜೊತೆಗಾರ ಗಾಯಗೊಂಡಾಗ ಉಳಿದವನ ಬೆಲೆ

2001ರ ಆರಂಭದಲ್ಲಿ ಸ್ಟೀವ್ ವಾ ನಾಯಕತ್ವದ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂದಾಗ ಬೆಂಗಳೂರಿನ ಅನಿಲ್ ಕುಂಬ್ಳೆ ಮೈದಾನದಲ್ಲಿರಲಿಲ್ಲ. ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಚೇತರಿಸಿಕೊಳ್ಳುತ್ತಿದ್ದರು. ಅವರಿಲ್ಲದ ಸರಣಿಯಲ್ಲಿ ಸ್ಪಿನ್ ಬೌಲಿಂಗಿನ ಹೊಣೆಯೆಲ್ಲ ಇಪ್ಪತ್ತರ ಹರೆಯದ ಹರಭಜನ್ ಸಿಂಗ್ ಹೆಗಲಿಗೆ ಬಿತ್ತು. ಮೂರು ಟೆಸ್ಟ್‌ಗಳಲ್ಲಿ ಹರಭಜನ್ ಪಡೆದ ವಿಕೆಟ್‌ಗಳು 32. ಭಾರತದ ಉಳಿದ ಯಾವ ಬೌಲರ್‌ಗೂ ಮೂರಕ್ಕಿಂತ ಹೆಚ್ಚು ವಿಕೆಟ್ ಸಿಗಲಿಲ್ಲ. ಭಾರತ ಸರಣಿಯನ್ನು 2-1ರಿಂದ ಗೆದ್ದಿತು.

ಎರಡೂವರೆ ವರ್ಷ ಕಳೆದ ಮೇಲೆ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. 2003ರ ಡಿಸೆಂಬರ್‌ನಲ್ಲಿ ಬ್ರಿಸ್ಬೇನ್‌ನ ಮೊದಲ ಟೆಸ್ಟ್‌ನಲ್ಲಿ ಆಡಿದ್ದು ಹರಭಜನ್; ಕುಂಬ್ಳೆ ಹೊರಗೆ ಕುಳಿತಿದ್ದರು. ಆ ಪಂದ್ಯದ ನಂತರ ಬೆರಳಿನ ಗಾಯದಿಂದ ಹರಭಜನ್ ತಂಡದಿಂದ ಹೊರಬಿದ್ದರು. ಉಳಿದ ಮೂರು ಟೆಸ್ಟ್‌ಗಳಲ್ಲಿ ಕುಂಬ್ಳೆ 24 ವಿಕೆಟ್ ಕಿತ್ತರು. ಸಿಡ್ನಿಯೊಂದರಲ್ಲೇ ಹನ್ನೆರಡು.

ಇಬ್ಬರೂ ದೊಡ್ಡ ಬೌಲರ್‌ಗಳೇ. ಒಬ್ಬ ಗಾಯಗೊಂಡ ಮಾತ್ರಕ್ಕೆ ಇನ್ನೊಬ್ಬನ ಕೈಗೆ ರಾತ್ರೋರಾತ್ರಿ ಹೊಸ ವಿದ್ಯೆ ಬರುವುದಿಲ್ಲ. ಆದರೂ ಅವನ ಗಳಿಕೆ ಏರುತ್ತದೆ. ಹಾಗಾದರೆ ಏರಿದ್ದು ಯಾವುದು? ಇದು ಕ್ರೀಡೆಯ ಪ್ರಶ್ನೆಯಷ್ಟೇ ಅಲ್ಲ, ಒಳ್ಳೆಯ ಗಣಿತದ ಪ್ರಶ್ನೆಯೂ ಹೌದು.

ಕಾಗದದ ಮೇಲಿನ ತಂಡ

ಈ ಪ್ರಶ್ನೆಯನ್ನು ಜಗತ್ತಿನಲ್ಲಿ ಹೆಚ್ಚು ಕೇಳಿಕೊಳ್ಳುವವರು ಫ್ಯಾಂಟಸಿ ಆಟದವರು. ನಿಜವಾದ ಆಟಗಾರರ ಹೆಸರುಗಳಿಂದ ತನ್ನದೇ ಒಂದು ಕಲ್ಪನೆಯ ತಂಡ ಕಟ್ಟುವುದು, ಮೈದಾನದಲ್ಲಿ ಅವರು ಮಾಡಿದ ಸಾಧನೆಗೆ ತಕ್ಕಂತೆ ಅಂಕ ಎಣಿಸುವುದು, ಇದೇ ಆ ಆಟ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇದನ್ನು 1962ರಲ್ಲಿ ರೂಪಿಸಿದವರು ಓಕ್ಲೆಂಡ್‌ನ ಬಿಲ್ ವಿಂಕೆನ್‌ಬಾಕ್ ಮತ್ತು ಅವರ ಗೆಳೆಯರು. ಆಗ ಲೆಕ್ಕವೆಲ್ಲ ಕಾಗದ, ಪೆನ್ಸಿಲ್ಲಿನಲ್ಲಿ. ಮೊಬೈಲ್ ಬಂದ ಮೇಲೆ ಅದು ಕ್ರಿಕೆಟ್ಟಿಗೂ ಕಬಡ್ಡಿಗೂ ಹಬ್ಬಿ, ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಂಥ ಊರುಗಳ ಹುಡುಗರ ಕೈಗೂ ತಲುಪಿತು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಬ್ಬ ಚೆಂಡನ್ನು ಎಸೆಯುತ್ತಾನೆ, ಅವನು ಕ್ವಾರ್ಟರ್‌ಬ್ಯಾಕ್. ಮುಂದೆ ಓಡಿ ಅದನ್ನು ಹಿಡಿಯುವವರು ರಿಸೀವರ್‌ಗಳು. ಒಂದು ಪಂದ್ಯದಲ್ಲಿ 35 ಬಾರಿ ಚೆಂಡು ಎಸೆಯಲಾಗುತ್ತದೆ ಎಂದಿಟ್ಟುಕೊಂಡರೆ, ಮೊದಲ ರಿಸೀವರ್‌ನ ಕಡೆಗೆ 10, ಎರಡನೆಯವನ ಕಡೆಗೆ 7, ಮಿಕ್ಕವರ ಕಡೆಗೆ 18. ಎರಡನೆಯವನು ತನ್ನ ಏಳರಲ್ಲಿ ಐದನ್ನು ಹಿಡಿಯುತ್ತಾನೆ.

ಈಗ ಮೊದಲನೆಯವನ ಮೊಣಕಾಲಿಗೆ ಪೆಟ್ಟಾಯಿತು. ಅವನ ಹತ್ತು ಎಸೆತಗಳೂ ಎರಡನೆಯವನಿಗೇ ಬರುತ್ತವೆಂದು ಎಣಿಸುವುದು ಮೊದಲ ತಪ್ಪು. ಅವು ಎಲ್ಲರಿಗೂ ಹಂಚಿಹೋಗುತ್ತವೆ. ಎರಡನೆಯವನಿಗೆ ಮೂರು ಹೆಚ್ಚು ಸಿಕ್ಕಿ ಒಟ್ಟು ಹತ್ತಾದವು ಎನ್ನೋಣ. ಅವಕಾಶ ಶೇಕಡಾ 43ರಷ್ಟು ಹೆಚ್ಚಿತು. ಆದರೆ ಎದುರಾಳಿಗಳೂ ಸುಮ್ಮನೆ ಕೂರುವುದಿಲ್ಲ. ಮೊದಲನೆಯವನನ್ನು ಕಾಯುತ್ತಿದ್ದ ಅತ್ಯುತ್ತಮ ರಕ್ಷಣಾ ಆಟಗಾರ ಈಗ ಇವನ ಬೆನ್ನು ಬೀಳುತ್ತಾನೆ. ಹತ್ತರಲ್ಲಿ ಆರು ಹಿಡಿದರೆ ಲಾಭ ಒಂದೇ ಒಂದು ಚೆಂಡು. ಹತ್ತರಲ್ಲಿ ನಾಲ್ಕೇ ಹಿಡಿದರೆ, ಅವಕಾಶ ಹೆಚ್ಚಿದರೂ ಗಳಿಕೆ ಮೊದಲಿಗಿಂತ ಕಡಿಮೆ!

ಗಳಿಕೆ ಎಂದರೆ ಅವಕಾಶ ಮತ್ತು ಯಶಸ್ಸಿನ ಪ್ರಮಾಣ, ಇವೆರಡರ ಗುಣಲಬ್ಧ. ಜೊತೆಗಾರನ ಗಾಯ ಮೊದಲನೆಯದನ್ನು ಸಾಮಾನ್ಯವಾಗಿ ಏರಿಸುತ್ತದೆ, ಎರಡನೆಯದನ್ನು ಸಾಮಾನ್ಯವಾಗಿ ಇಳಿಸುತ್ತದೆ. ಯಾವುದು ಎಷ್ಟು ಎಂದು ತಿಳಿಯದೆ ಬೆಲೆ ಕಟ್ಟಲಾಗದು.

ಪಂಪ್‌ಸೆಟ್ ಮತ್ತು ಸೀರಿಯಲ್ ಸೆಟ್

ಹಳ್ಳಿಯ ವಿದ್ಯಾರ್ಥಿಗೆ ಇದನ್ನು ಕರೆಂಟಿನ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಒಂದೇ ಲೈನಿನ ಮೇಲೆ ಹತ್ತಾರು ಪಂಪ್‌ಸೆಟ್‌ಗಳು ಓಡುವಾಗ ಮನೆಯ ಹಳೆಯ ತಂತಿ ಬಲ್ಬು ಮಂಕಾಗಿ ಉರಿಯುತ್ತದೆ. ಉದ್ದನೆಯ ತಂತಿಯಲ್ಲಿ ಹೆಚ್ಚು ವಿದ್ಯುತ್ ಹರಿದಾಗ ದಾರಿಯಲ್ಲೇ ವೋಲ್ಟೇಜ್ ಕುಸಿಯುವುದು ಇದಕ್ಕೆ ಕಾರಣ. ಮೋಟಾರುಗಳು ನಿಂತೊಡನೆ ಬಲ್ಬು ಬೆಳ್ಳಗೆ ಬೆಳಗುತ್ತದೆ. ಇದು ಸಮಾಂತರ ಜೋಡಣೆ. ಒಂದೇ ಮೂಲದಿಂದ ಪಾಲು ಪಡೆಯುವವರಲ್ಲಿ ಒಬ್ಬ ಕಡಿಮೆಯಾದರೆ ಉಳಿದವರಿಗೆ ಅನುಕೂಲ. ಕುಂಬ್ಳೆ, ಹರಭಜನ್ ಇದ್ದದ್ದು ಹೀಗೆ; ಇಬ್ಬರು ರಿಸೀವರ್‌ಗಳು ಇರುವುದೂ ಹೀಗೆ.

ದೀಪಾವಳಿಗೆ ಮನೆ ಮುಂದೆ ತೂಗುಹಾಕುವ ಸೀರಿಯಲ್ ಸೆಟ್ ಬೇರೆ ಬಗೆಯದು. ಹಳೆಯ ಮಾದರಿಯದರಲ್ಲಿ ಒಂದು ಬಲ್ಬು ಸುಟ್ಟರೆ ಆ ಸಾಲೇ ಆರಿಹೋಗುತ್ತದೆ. ಇದು ಸರಣಿ ಜೋಡಣೆ. ಕ್ವಾರ್ಟರ್‌ಬ್ಯಾಕ್ ಗಾಯಗೊಂಡರೆ ಎಸೆಯುವವನೇ ಇಲ್ಲ, ರಿಸೀವರ್‌ಗಳೆಲ್ಲರ ಬೆಲೆ ಒಟ್ಟಿಗೆ ಇಳಿಯುತ್ತದೆ. ಕಬಡ್ಡಿಯಲ್ಲಿ ಕೈ ಕೈ ಹಿಡಿದು ಸರಪಳಿಯಾಗಿ ನಿಲ್ಲುವ ಹಿಡಿತಗಾರರದೂ ಇದೇ ಕಥೆ. ಮೂಲೆಯವನು ಕಾಲು ಹಿಡಿದಾಗ ಪಕ್ಕದವನು ಬಂದು ಅಪ್ಪಿ ಕೆಡವಬೇಕು. ಆ ಪಕ್ಕದವನು ಬೆಂಚಿನಲ್ಲಿದ್ದರೆ ಮೂಲೆಯವನ ಶಕ್ತಿ ಅರ್ಧವಾಗುತ್ತದೆ.

ಆದ್ದರಿಂದ ಯಾರಾದರೂ ಗಾಯಗೊಂಡರೆಂದು ಕೇಳಿದಾಗ ಮೊದಲು ಕೇಳಬೇಕಾದ್ದು ಇಷ್ಟೇ: ಇವರಿಬ್ಬರ ಸಂಬಂಧ ಸಮಾಂತರವೋ, ಸರಣಿಯೋ?

ಮಿತಿ ಇರುವಲ್ಲಿ ಲೆಕ್ಕ ಬೇರೆ

ಹರಭಜನ್ ಅಷ್ಟು ವಿಕೆಟ್ ಪಡೆಯಲು ಇನ್ನೊಂದು ಕಾರಣವಿತ್ತು. ಟೆಸ್ಟ್‌ನಲ್ಲಿ ಒಬ್ಬ ಬೌಲರ್ ಇಷ್ಟೇ ಓವರ್ ಹಾಕಬೇಕೆಂಬ ಕಟ್ಟಳೆ ಇಲ್ಲ. ಬಿದ್ದ ಹೊರೆಯನ್ನೆಲ್ಲ ಒಬ್ಬನೇ ಹೊರಬಹುದು. ಇಪ್ಪತ್ತು ಓವರ್‌ಗಳ ಪಂದ್ಯದಲ್ಲಿ ಹಾಗಿಲ್ಲ. ಒಬ್ಬನಿಗೆ ನಾಲ್ಕೇ ಓವರ್. ಐವರು ಬೌಲರ್‌ಗಳಲ್ಲಿ ಒಬ್ಬ ಒಂದೇ ಓವರ್ ಹಾಕಿ ಕುಂಟುತ್ತಾ ಹೊರನಡೆದರೆ ಉಳಿಯುವ ಮೂರು ಓವರ್‌ಗಳು ತಂಡದ ಮುಖ್ಯ ಬೌಲರ್‌ಗೆ ಹೋಗುವುದಿಲ್ಲ. ಅವನ ನಾಲ್ಕು ಮೊದಲೇ ಲೆಕ್ಕದಲ್ಲಿವೆ. ಅವು ಹೋಗುವುದು ಅಪರೂಪಕ್ಕೆ ಚೆಂಡು ಹಿಡಿಯುವ ಆರನೆಯವನಿಗೆ. ಎಲ್ಲರೂ ದೊಡ್ಡ ಹೆಸರಿನ ಹಿಂದೆ ಓಡುವಾಗ ಬೆಲೆ ಏರಿದ್ದು ಸಣ್ಣ ಹೆಸರಿಗೆ.

ಕಬಡ್ಡಿಯಲ್ಲಿ ಮಿತಿ ಹಾಕುವುದು ಗಡಿಯಾರ. 40 ನಿಮಿಷದ ಆಟದಲ್ಲಿ 30 ಸೆಕೆಂಡಿಗೊಂದು ರೈಡ್ ಎಂದರೆ ಒಟ್ಟು 80, ತಂಡಕ್ಕೆ ಹೆಚ್ಚೂಕಡಿಮೆ 40. ಆದರೆ ಅದರಲ್ಲಿ ಒಬ್ಬನೇ ಎಷ್ಟು ಹೋಗಬಹುದೆಂಬ ಮಿತಿ ಇಲ್ಲ. 2022ರ ಪ್ರೊ ಕಬಡ್ಡಿಯಲ್ಲಿ ತಮಿಳ್ ತಲೈವಾಸ್ ತಂಡ ಪವನ್ ಸೆಹ್ರಾವತ್ ಅವರಿಗೆ 2.26 ಕೋಟಿ ರೂಪಾಯಿ ಕೊಟ್ಟಿತ್ತು. ಬೆಂಗಳೂರು ಬುಲ್ಸ್ ಪರವಾಗಿ ಆಡಿ ಕನ್ನಡಿಗರಿಗೂ ಮೆಚ್ಚಾಗಿದ್ದ ಪವನ್, ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ತಮ್ಮ ಮೊದಲ ಪಂದ್ಯದಲ್ಲೇ ಮೊಣಕಾಲಿನ ಗಾಯದಿಂದ ಹೊರನಡೆದರು. ಅವರು ಮಾಡಬೇಕಿದ್ದ ರೈಡ್‌ಗಳು ಬಹುಪಾಲು ಆ ವರ್ಷವೇ ಲೀಗಿಗೆ ಕಾಲಿಟ್ಟ ನರೇಂದರ್ ಪಾಲಿಗೆ ಬಂದವು. ಆ ಋತುವಿನಲ್ಲಿ ಅವರು ಗಳಿಸಿದ ರೈಡ್ ಪಾಯಿಂಟ್ 243. ತಂಡ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು.

ರಾಹುಲ್ ಅವರ ಆರು ದಿನಗಳು

ಇಷ್ಟು ಓದಿದ ವಿದ್ಯಾರ್ಥಿಗೆ, ಹಾಗಾದರೆ ಗಾಯದ ಸುದ್ದಿ ಬಂದೊಡನೆ ಮುಂದಿನದನ್ನು ಹೇಳಿಬಿಡಬಹುದಲ್ಲ ಎನ್ನಿಸಬಹುದು. ಅದಕ್ಕೆ ಉತ್ತರ ಕೆ.ಎಲ್. ರಾಹುಲ್ ಅವರ 2020ರ ಜನವರಿ ತಿಂಗಳಲ್ಲಿದೆ.

ಜನವರಿ 14ರಂದು ಮುಂಬೈಯಲ್ಲಿ ಆಸ್ಟ್ರೇಲಿಯಾದ ಪ್ಯಾಟ್ ಕಮಿನ್ಸ್ ಎಸೆದ ಚೆಂಡು ರಿಷಭ್ ಪಂತ್ ಅವರ ಹೆಲ್ಮೆಟ್‌ಗೆ ಬಡಿಯಿತು. ಪಂತ್ ವಿಕೆಟ್ ಹಿಂದೆ ನಿಲ್ಲಲಾಗಲಿಲ್ಲ; ಕೀಪಿಂಗ್ ಗ್ಲೌಸ್ ಕರ್ನಾಟಕದ ರಾಹುಲ್ ಕೈಗೆ ಬಂದವು. 17ರಂದು ರಾಜ್‌ಕೋಟ್‌ನಲ್ಲಿ ಅವರೇ ಕೀಪರ್, ಬ್ಯಾಟಿಂಗ್‌ನಲ್ಲಿ ಐದನೇ ಕ್ರಮಾಂಕ. 52 ಎಸೆತಗಳಲ್ಲಿ 80 ರನ್ ಹೊಡೆದು ಪಂದ್ಯಪುರುಷರಾದರು. ಫ್ಯಾಂಟಸಿ ಲೆಕ್ಕದಲ್ಲಿ ಕ್ಯಾಚಿಗೂ ಸ್ಟಂಪಿಂಗಿಗೂ ಅಂಕವಿರುವುದರಿಂದ ಅವರ ಬೆಲೆ ಎರಡು ಕಡೆಯಿಂದ ಏರಿತು.

19ರಂದು ಬೆಂಗಳೂರಿನ ಪಂದ್ಯ. ಫೀಲ್ಡಿಂಗ್ ಮಾಡುವಾಗ ಶಿಖರ್ ಧವನ್ ಭುಜಕ್ಕೆ ಪೆಟ್ಟಾಯಿತು. ಮತ್ತೊಬ್ಬ ಜೊತೆಗಾರನ ಗಾಯ, ರಾಹುಲ್‌ಗೆ ಮತ್ತೊಂದು ಬಡ್ತಿ: ತವರು ಮೈದಾನದಲ್ಲಿ ಆರಂಭಿಕನ ಸ್ಥಾನ. ಐದನೆಯವನಿಗಿಂತ ಆರಂಭಿಕನಿಗೆ ಸಿಗಬಹುದಾದ ಎಸೆತಗಳು ಎಷ್ಟೋ ಹೆಚ್ಚು. ಕಾಗದದ ಲೆಕ್ಕ ಅವರ ಪರವಾಗಿತ್ತು. ಗಳಿಸಿದ್ದು 19 ರನ್. ಶತಕ ಹೊಡೆದದ್ದು ಇನ್ನೊಂದು ತುದಿಯ ರೋಹಿತ್ ಶರ್ಮ.

ಲೆಕ್ಕ ತಪ್ಪಾಗಿತ್ತೇ? ಇಲ್ಲ. ಸಂಭವನೀಯತೆ ಹೇಳುವುದು ನೂರು ಬಾರಿ ಹೀಗಾದರೆ ಸರಾಸರಿ ಏನಾದೀತು ಎಂಬುದನ್ನು. ಇವತ್ತಿನ ಸಂಜೆ ಏನಾಗುತ್ತದೆ ಎಂಬುದನ್ನಲ್ಲ. ಮುಂದಿನ ವಾರಗಳಲ್ಲಿ ಅದೇ ರಾಹುಲ್ ನ್ಯೂಜಿಲೆಂಡ್‌ನಲ್ಲಿ ಐದು ಟಿ-20 ಪಂದ್ಯಗಳಿಂದ 224 ರನ್ ಗಳಿಸಿ ಸರಣಿಪುರುಷರಾದರು. ಒಂದು ಪಂದ್ಯ ಹೇಳದ್ದನ್ನು ಐದು ಪಂದ್ಯ ಹೇಳಿದವು.

ಇನ್ನೂ ಒಂದು ಮೋಸವಿದೆ. 1996ರ ಜೂನ್ 20ರಂದು ಲಾರ್ಡ್ಸ್‌ನಲ್ಲಿ ಸಂಜಯ್ ಮಾಂಜ್ರೇಕರ್ ಅವರ ಕಾಲಿನ ಗಾಯ ವಾಸಿಯಾಗದ ಕಾರಣ ರಾಹುಲ್ ದ್ರಾವಿಡ್‌ಗೆ ಟಾಸ್‌ಗೆ ಸ್ವಲ್ಪವೇ ಮುಂಚೆ ಸ್ಥಾನ ಸಿಕ್ಕಿತು. ಏಳನೆಯವರಾಗಿ ಬಂದು 95 ರನ್ ಹೊಡೆದರು. ಈ ಕಥೆ ಎಲ್ಲರಿಗೂ ನೆನಪಿದೆ. ಹೀಗೇ ಬಂದ ಅವಕಾಶದಲ್ಲಿ ಐದೋ ಹತ್ತೋ ರನ್ ಮಾಡಿ ಮರೆಯಾದವರ ಕಥೆ ಯಾರಿಗೂ ನೆನಪಿರುವುದಿಲ್ಲ. ಗೆದ್ದವರನ್ನು ಮಾತ್ರ ಎಣಿಸಿದರೆ ಪ್ರತಿ ಗಾಯವೂ ಒಬ್ಬ ದ್ರಾವಿಡ್‌ನನ್ನು ಹುಟ್ಟಿಸುತ್ತದೆ ಎನ್ನಿಸುತ್ತದೆ. ವಿಜ್ಞಾನದಲ್ಲಿ ಸೋತವರನ್ನೂ ಎಣಿಸಬೇಕು.

ತಂದೆ ತಾಯಿಯರಿಗೆ ಎರಡು ಮಾತು

ಈ ಲೆಕ್ಕವನ್ನು ಮಕ್ಕಳು ಕಲಿತರೆ ತಪ್ಪಿಲ್ಲ. ತಪ್ಪಾಗುವುದು ಅದಕ್ಕೆ ಹಣ ಕಟ್ಟಿದಾಗ. ಕರ್ನಾಟಕ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ಕಾನೂನಿನ ಮುಖ್ಯ ಅಂಶಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಇಡೀ ದೇಶಕ್ಕೆ ಅನ್ವಯವಾಗುವ ನಿಷೇಧ ಕಾಯ್ದೆಯನ್ನು ಅಂಗೀಕರಿಸಿತು, ಹೆಸರಾಂತ ಕಂಪನಿಗಳು ಹಣದ ಸ್ಪರ್ಧೆಗಳನ್ನು ನಿಲ್ಲಿಸಿದವು. ಕಾನೂನಿನ ಮಾತು ಒತ್ತಟ್ಟಿಗಿರಲಿ. ಎಲ್ಲರೂ ಕಟ್ಟಿದ ಹಣದಲ್ಲಿ ಕಂಪನಿ ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿದದ್ದನ್ನಷ್ಟೇ ಹಂಚಿದರೆ, ಆಡುವವರೆಲ್ಲರ ಒಟ್ಟು ಲೆಕ್ಕ ಯಾವಾಗಲೂ ನಷ್ಟವೇ. ಇದಕ್ಕೆ ಏಳನೇ ತರಗತಿಯ ಗಣಿತ ಸಾಕು.

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಮೋಟಾರುಗಳೆಲ್ಲ ನಿಂತ ಮೇಲೆ ಬೆಳ್ಳಗೆ ಬೆಳಗಿದ ಬಲ್ಬು ವೋಲ್ಟೇಜ್ ಮಿತಿಮೀರಿದರೆ ಸುಟ್ಟೂಹೋಗುತ್ತದೆ. ಒಬ್ಬನ ಹೊರೆ ಹೊತ್ತವನು ತಾನೂ ಗಾಯಗೊಳ್ಳುವುದು ಕ್ರೀಡೆಯಲ್ಲಿ ಮಾಮೂಲು. ಮನೆಯೂ ಒಂದು ತಂಡ. ಹತ್ತಿ ಬಿಡಿಸುವ ಕಾಲಕ್ಕೆ ತಾಯಿಯ ಸೊಂಟ ಹಿಡಿದುಕೊಂಡರೆ ಅವಳ ಪಾಲಿನ ಕೆಲಸ ಗಾಳಿಯಲ್ಲಿ ಕರಗುವುದಿಲ್ಲ. ನೀರು, ರೊಟ್ಟಿ, ಹೊಲ, ಚಿಕ್ಕ ಮಕ್ಕಳು, ಎಲ್ಲವೂ ಸಾಮಾನ್ಯವಾಗಿ ಹಿರಿ ಮಗಳಿಗೆ ವರ್ಗವಾಗುತ್ತದೆ. ‘ನಮ್ಮ ಹುಡುಗಿ ಮನೀನೇ ನಡಸ್ತಾಳ’ ಎಂದು ಓಣಿಯವರು ಹೊಗಳುತ್ತಾರೆ. ಮನೆಯಲ್ಲಿ ಅವಳ ಬೆಲೆ ಏರುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಏರುತ್ತದೆ. ಹತ್ತನೇ ತರಗತಿಯ ಆ ಎರಡು ತಿಂಗಳು ಮತ್ತೆ ಬರುವುದಿಲ್ಲ. ಓವರ್‌ಗಳಿಗೆ ನಾಲ್ಕರ ಮಿತಿ ಇರುವಂತೆ ಅವಳ ಹೊರೆಗೂ ಮಿತಿ ಹಾಕಿ, ಮಿಕ್ಕದ್ದನ್ನು ಅಣ್ಣ, ತಮ್ಮ, ಅಪ್ಪ ಹಂಚಿಕೊಳ್ಳುವುದು ಒಳ್ಳೆಯ ನಾಯಕತ್ವ.

ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ: ನಿಮ್ಮ ಶಾಲೆಯ ಕಬಡ್ಡಿ ತಂಡದ ಐದು ಪಂದ್ಯಗಳಲ್ಲಿ ಪ್ರತಿ ಆಟಗಾರ ಹೋದ ರೈಡ್ ಎಷ್ಟು, ತಂದ ಪಾಯಿಂಟ್ ಎಷ್ಟು ಎಂದು ಪಟ್ಟಿ ಮಾಡಿ. ಮುಖ್ಯ ರೈಡರ್ ಆಡದ ಒಂದು ಪಂದ್ಯವೂ ಅದರಲ್ಲಿರಲಿ. ಆ ದಿನ ಯಾರ ಅವಕಾಶ ಹೆಚ್ಚಿತು, ಯಾರ ಯಶಸ್ಸಿನ ಪ್ರಮಾಣ ಇಳಿಯಿತು ಎಂದು ಹೋಲಿಸಿ ನೋಡಿ. ಪಟ್ಟಿ ಮುಗಿದ ಮೇಲೆ, ಆಡಲಾಗದೆ ಗೆರೆಯಾಚೆ ಕುಳಿತಿದ್ದವನ ಹತ್ತಿರ ಹೋಗಿ ಕಾಲು ಹೇಗಿದೆ ಎಂದು ಕೇಳುವುದನ್ನು ಮರೆಯಬೇಡಿ.