ಹೆಸರು ಹುಬ್ಬಳ್ಳಿ, ಆಟ ಬೆಂಗಳೂರು: ಇವತ್ತಿನ ಫೈನಲ್ ಬಗ್ಗೆ ನನ್ನ ಮಾತು

1/9
ಫೋಟೋ ನೋಡಿ ನಗಬ್ಯಾಡ್ರಿ. ಇದು ನಮ್ಮ ಕರ್ಜಗಿಯೊಳಗ ನಾವು ಆಡೋ ಜಾಗ. ಸ್ಟಂಪ್ ಅಂತ ನಿಂತಿರೋದು ಮೂರು ಜಾಲಿ ಕಟಗಿ. ಆ ಕಡೆ ಸ್ಟಂಪೇ ಇಲ್ಲ, ಒಂದು ಕಲ್ಲು, ಅದರ ಮೇಲೆ ಯಾರದೋ ಚಪ್ಪಲಿ. ಬೌಂಡ್ರಿ ಅಂದ್ರ ಬೇಲಿ. ಬೇಲಿ ದಾಟಿ ಹೊಲಕ್ಕೆ ಚೆಂಡು ಹೋದ್ರ ಔಟ್, ಯಾಕಂದ್ರ ಹೊಲದ ಅಜ್ಜ ಬೈತಾನ.

ಇವತ್ತು 2023ರ ಆಗಸ್ಟ್ 29, ರಾಷ್ಟ್ರೀಯ ಕ್ರೀಡಾ ದಿನ. ಹಾಕಿ ಮಾಂತ್ರಿಕ ಧ್ಯಾನ್ ಚಂದ್ ಹುಟ್ಟಿದ ದಿನ. ಬೆಳಗ್ಗೆ ಎಲ್ಲರೂ ಸ್ಟೇಟಸ್ ಹಾಕೀರಿ, ನಾನೂ ಹಾಕೀನಿ. ಆದ್ರ ಇವತ್ತು ರಾತ್ರಿ ಇನ್ನೊಂದು ದೊಡ್ಡ ಸುದ್ದಿ ಐತಿ, ಅದನ್ನ ನಮ್ಮ ಕ್ಲಾಸಿನಾಗ ಅರ್ಧ ಮಂದಿ ಮರ್ತೇ ಬಿಟ್ಟಾರ. ಮಹಾರಾಜ ಟ್ರೋಫಿ ಫೈನಲ್. ಹುಬ್ಬಳ್ಳಿ ಟೈಗರ್ಸ್ ಮತ್ತು ಮೈಸೂರು ವಾರಿಯರ್ಸ್. ಸ್ವೈಪ್ ಮಾಡ್ರಿ, ಕಡೀತನಕ ಓದ್ರಿ. ಉದ್ದ ಐತಿ, ಆದ್ರ ಮ್ಯಾಚ್ ಶುರು ಆಗೋದ್ರೊಳಗ ಮುಗೀತೈತಿ.

2/9
ಗೊತ್ತಿಲ್ಲದವರಿಗೆ ಎರಡು ಮಾತು. ಇದು ಐಪಿಎಲ್ ಅಲ್ಲ. ನಮ್ಮ ರಾಜ್ಯದ್ದೇ ಟಿ20 ಲೀಗ್. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಗುಲ್ಬರ್ಗ, ಮಂಗಳೂರು, ಶಿವಮೊಗ್ಗ ಅಂತ ಆರು ತಂಡ. ಮೊದಲು ಇದೇ ನಮೂನಿ ಕೆಪಿಎಲ್ ಅಂತ ನಡೀತಿತ್ತು, 2009ರಿಂದ. 2022ರಿಂದ ಮಹಾರಾಜ ಟ್ರೋಫಿ. 'ಮಹಾರಾಜ' ಅಂದ್ರ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್. ಅವರು ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದವರು.

ಅಂದ್ರ ನೋಡ್ರಿ, ಟ್ರೋಫಿಯ ಹೆಸರೇ ಮೈಸೂರಿಂದು. ಅದನ್ನ ಗೆಲ್ಲಾಕ ನಿಂತಿರೋ ಒಂದು ತಂಡ ಮೈಸೂರಿಂದು. ಎದುರಿಗೆ ನಮ್ಮ ಕಡಿ ಹುಬ್ಬಳ್ಳಿ. ಮೈಸೂರು ಪಾಕ್ ಮತ್ತು ಧಾರವಾಡ ಪೇಡಾ ಜಗಳ ಇದ್ದಂಗ. ಹೋಗ್ತೀನಿ ಅನ್ನೋರು ಒಂದು ಕಡೆ, ಹೊಕ್ಕೀನಿ ಅನ್ನೋರು ಇನ್ನೊಂದು ಕಡೆ. ಜಗಳ ಅಂದ್ರ ಪ್ರೀತಿ ಜಗಳ ಮತ್ತ, ಕಾಮೆಂಟಿನಾಗ ಯಾರೂ ಮೈಸೂರಿನವರಿಗೆ ಬೈಬ್ಯಾಡ್ರಿ.

3/9
ಮೊದಲು ಎದುರಾಳಿ ಬಗ್ಗೆ ಹೇಳ್ತೀನಿ. ಎದುರಾಳಿಗೆ ಮರ್ಯಾದಿ ಕೊಡದ ಅಭಿಮಾನಿ ಅಭಿಮಾನಿನೇ ಅಲ್ಲ.

ಮೈಸೂರು ನಾಯಕ ಕರುಣ್ ನಾಯರ್. 2016ರ ಡಿಸೆಂಬರ್‌ನಾಗ ಚೆನ್ನೈಯಲ್ಲಿ ಇಂಗ್ಲೆಂಡ್ ಮೇಲೆ ಔಟಾಗದೆ 303. ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಭಾರತೀಯರು ಇಬ್ಬರೇ: ಸೆಹ್ವಾಗ್ ಮತ್ತು ಇವರು. ಅದಾದ ಮ್ಯಾಲೆ ಸ್ವಲ್ಪೇ ಟೆಸ್ಟ್ ಸಿಕ್ಕವು, ಆಮೇಲೆ ಬಾಗಿಲು ಮುಚ್ಚಿತು. ಹೋದ ವರ್ಷ ಡಿಸೆಂಬರ್‌ನಲ್ಲಿ ಟ್ವಿಟರ್‌ನಾಗ ಕ್ರಿಕೆಟ್ಟನ್ನೇ ಕರೆದು, ನನಗೆ ಇನ್ನೊಂದು ಅವಕಾಶ ಕೊಡು ಅಂತ ಬರೆದಿದ್ದರು. ನೆನಪೈತೇನು? ಆಗ ನಮ್ಮಲ್ಲಿ ಕೆಲವರು ಅದಕ್ಕೆ ನಗೋ ಇಮೋಜಿ ಹಾಕಿದ್ರಿ. ನಾನು ಹೆಸರು ಹೇಳಂಗಿಲ್ಲ 🙂

ಈಗ ಸೆಮಿಫೈನಲ್ ನೋಡ್ರಿ. ಗುಲ್ಬರ್ಗ ಮೇಲೆ 42 ಎಸೆತಕ್ಕೆ 107. ತಂಡದ ಮೊತ್ತ 248. ಇಷ್ಟು ಆಡೋ ಮನುಷ್ಯ ಈ ಸೀಸನ್‌ಗೆ ಕರ್ನಾಟಕ ತಂಡ ಬಿಟ್ಟು ವಿದರ್ಭಕ್ಕೆ ಹೊಂಟಾರ. ಅಂದ್ರ ಇವತ್ತು ಚಿನ್ನಸ್ವಾಮಿಯೊಳಗ ಆಡೋ ಮ್ಯಾಚ್ ಅವರಿಗೆ ಬರೀ ಫೈನಲ್ ಅಲ್ಲ, ಒಂದು ನಮೂನಿ ಬೀಳ್ಕೊಡುಗೆ. ಇಂಥಾ ಹೊತ್ತಿನಾಗ ಆಡೋ ಬ್ಯಾಟ್ಸ್‌ಮನ್ ಭಾಳ ಡೇಂಜರ್. ಅವರ ಜೊತೆ ಆರ್. ಸಮರ್ಥ್, ಎಡಗೈ ಸ್ಪಿನ್ನರ್ ಜೆ. ಸುಚಿತ್. ಹಗುರ ತಂಡ ಅಲ್ಲ.

4/9
ಈಗ ನಮ್ಮವರು. ನಾಯಕ ಮನೀಶ್ ಪಾಂಡೆ. ಐಪಿಎಲ್‌ನಾಗ ಶತಕ ಹೊಡೆದ ಮೊದಲ ಭಾರತೀಯ, 2009ರಾಗ, ಆರ್‌ಸಿಬಿಗೆ. ನಮ್ಮಲ್ಲಿ ಭಾಳ ಮಂದಿ ಆಗ ಅಂಗನವಾಡಿಯೊಳಗ ಇದ್ವಿ. 2014ರ ಐಪಿಎಲ್ ಫೈನಲ್‌ನಾಗ ಕೋಲ್ಕತ್ತಾ ಪರ 50 ಎಸೆತಕ್ಕೆ 94. ಹೋದ ವರ್ಷ ಮಹಾರಾಜ ಟ್ರೋಫಿ ಗೆದ್ದದ್ದು ಗುಲ್ಬರ್ಗ ಮಿಸ್ಟಿಕ್ಸ್, ಅದರ ನಾಯಕನೂ ಇವರೇ. ಫೈನಲ್ ಅಂದ್ರ ಏನು ಅಂತ ಈ ಮನುಷ್ಯನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಓಪನಿಂಗ್‌ಗೆ ಮೊಹಮ್ಮದ್ ತಾಹಾ, ಲವ್‌ನೀತ್ ಸಿಸೋಡಿಯಾ. ನಡುವೆ ಕೆ.ಎಲ್. ಶ್ರೀಜಿತ್. ವೇಗಕ್ಕೆ ಮನ್ವಂತ್ ಕುಮಾರ್. ಸ್ಪಿನ್‌ಗೆ ಕೆ.ಸಿ. ಕಾರ್ಯಪ್ಪ. ಈ ಕಾರ್ಯಪ್ಪ ಅವರ ಕಥೆ ನಮ್ಮಂಥವರು ತಿಳ್ಕೋಬೇಕು. ಕೊಡಗಿನ ಹುಡುಗ, ಕೆಪಿಎಲ್‌ನಾಗ ಬಿಜಾಪುರ ಬುಲ್ಸ್‌ಗೆ ಆಡ್ತಿದ್ದರು. 2015ರ ಐಪಿಎಲ್ ಹರಾಜಿನಲ್ಲಿ 10 ಲಕ್ಷದಿಂದ ಶುರುವಾದ ಕೂಗು 2.40 ಕೋಟಿಗೆ ನಿಂತಿತು. ಇಂಥಾ ಸಣ್ಣ ಲೀಗ್ ಏನು ಮಾಡಬಲ್ಲದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇನು?

5/9
ಹಂಗಾದ್ರ ಯಾರು ಗೆಲ್ತಾರ? ನನ್ನ ಲೆಕ್ಕ ಇಷ್ಟು.

ಚಿನ್ನಸ್ವಾಮಿ ಸಣ್ಣ ಮೈದಾನ, ಎರಡನೇದಾಗಿ ಬ್ಯಾಟಿಂಗ್ ಮಾಡೋದೇ ಚಲೋ ಅಂತ ಎಲ್ಲರೂ ಹೇಳ್ತಾರ. ನಾನು ಒಪ್ಪಂಗಿಲ್ಲ. ಮೈಸೂರು ಸೆಮಿಫೈನಲ್ ಗೆದ್ದದ್ದು ಮೊದಲು ಬ್ಯಾಟಿಂಗ್ ಮಾಡಿ, ಆರಾಮಾಗಿ ಬೀಸಿ. ಅವರಿಗೆ ಇವತ್ತೂ ಆ ಆರಾಮ ಕೊಡಬಾರದು. ಹುಬ್ಬಳ್ಳಿ ಮೊದಲು ಆಡಲಿ, 190ರ ಮ್ಯಾಲೆ ಹೊಡೀಲಿ. ಫೈನಲ್‌ನಾಗ ಬೋರ್ಡ್ ಮೇಲಿನ ರನ್ನಿನ ತೂಕನೇ ಬ್ಯಾರೆ. ನಮ್ಮೂರ ಟೆನಿಸ್ ಬಾಲ್ ಟೂರ್ನಿಯೊಳಗೂ ಅಷ್ಟೇ ಅಲ್ಲೇನು? ಲೀಗ್ ಮ್ಯಾಚಿನಾಗ ಆರು ಓವರಿಗೆ 70 ಬೆನ್ನಟ್ಟಿದ ತಂಡ ಫೈನಲ್‌ನಾಗ 45ಕ್ಕೆ ಒದ್ದಾಡ್ತೈತಿ. ಕಾಲು ಅವೇ, ಕೈ ಅವೇ, ತಲಿ ಮಾತ್ರ ಬ್ಯಾರೆ ಆಗಿರ್ತೈತಿ.

ಎರಡನೇದು, ಕರುಣ್ ಬಂದ ಕೂಡಲೇ ಕಾರ್ಯಪ್ಪಗೆ ಬಾಲ್ ಕೊಡಬೇಕು. ಕಣ್ಣು ಕುಂತ ಮ್ಯಾಲೆ ಕೊಟ್ರ ಏನೂ ಉಪಯೋಗ ಇಲ್ಲ. ಮೂರನೇದು, ಕಡೀ ಓವರಿಗೆ ಮನ್ವಂತ್‌ನ ಉಳಿಸಿಕೋಬೇಕು.

ನನ್ನ ಊಹೆ: ಹುಬ್ಬಳ್ಳಿ ಗೆಲ್ತೈತಿ, ಆದ್ರ ಕಡೀ ಓವರ್‌ತನಕ ನಮ್ಮ ಜೀವ ತಿಂದು ಗೆಲ್ತೈತಿ. ತಪ್ಪಾದ್ರ ನಾಳೆ ಕ್ಯಾಂಟೀನಿನಾಗ ಮಂಡಕ್ಕಿ ಮಿರ್ಚಿ ನನ್ನ ಲೆಕ್ಕಕ್ಕೆ. ಐದು ಮಂದಿಗೆ ಮಾತ್ರ, ಇಡೀ ಕ್ಲಾಸಿಗೆ ಅಲ್ಲ.

6/9
ಇಲ್ಲಿತನಕ ಆಟದ ಮಾತು. ಈಗ ನನ್ನ ಹೊಟ್ಟಿಯೊಳಗಿನ ಮಾತು.

ಈ ಫೋಟೋ ಕರ್ಜಗಿ ರೈಲು ಸ್ಟೇಷನ್ನಿಂದು. ಇಲ್ಲಿಂದ ಉತ್ತರಕ್ಕ ಹೋದ್ರ ಹುಬ್ಬಳ್ಳಿ, ಬೆಳಗ್ಗೆ ಹೋಗಿ ಸಂಜಿಗೆ ಮನಿ ಸೇರಬಹುದು. ದಕ್ಷಿಣಕ್ಕ ಹೋದ್ರ ಬೆಂಗಳೂರು, 300 ಕಿಲೋಮೀಟರಿಗೂ ಹೆಚ್ಚು. ನಮ್ಮ ತಂಡದ ಹೆಸರು ಹುಬ್ಬಳ್ಳಿ ಟೈಗರ್ಸ್. ಆದ್ರ ಮಹಾರಾಜ ಟ್ರೋಫಿ ಶುರುವಾದ ಮ್ಯಾಲೆ ಈ ತಂಡ ಹುಬ್ಬಳ್ಳಿಯೊಳಗ ಒಂದೇ ಒಂದು ಮ್ಯಾಚ್ ಆಡಿಲ್ಲ. ಹೋದ ವರ್ಷ ಮೊದಲ ಹಂತ ಮೈಸೂರಿನಾಗ, ಆಮೇಲಿಂದು ಬೆಂಗಳೂರಿನಾಗ. ಈ ವರ್ಷ ಪೂರ್ತಿ ಬೆಂಗಳೂರು. ಮೈಸೂರಿನ ಹುಡುಗರು ತಮ್ಮ ತಂಡನ ಹೋದ ವರ್ಷ ತಮ್ಮೂರಾಗೇ ನೋಡ್ಯಾರ. ನಾವು ನೋಡಿಲ್ಲ.

ಮೈದಾನ ಇಲ್ಲ ಅಂತ ಹೇಳಂಗಿಲ್ಲ. ಹುಬ್ಬಳ್ಳಿ ರಾಜನಗರದಾಗ ರಾಜ್ಯ ಸಂಸ್ಥೆದ್ದೇ ಮೈದಾನ ಐತಿ. ಅಲ್ಲಿ ರಣಜಿ ಮ್ಯಾಚ್ ಆಗ್ಯಾವ, ಕೆಪಿಎಲ್ ಮ್ಯಾಚೂ ಆಗ್ಯಾವ.

ನಮ್ಮ ಹಾವೇರಿ ಮಂದಿಗೆ ಅಭಿಮಾನ ಕಲಿಸೋದು ಬ್ಯಾಡ್ರಿ. ದೀಪಾವಳಿ ಆದ ಮ್ಯಾಲೆ ಕೊಬ್ಬರಿ ಹೋರಿ ಓಡೋ ಕಾಲದಾಗ ನೋಡ್ರಿ. ಒಂದು ಹೋರಿ ಹಿಂದೆ ಎಷ್ಟು ಮಂದಿ, ಹೋರಿ ಹೆಸರು ಬರೆದ ಟೀ ಶರ್ಟ್ ಎಷ್ಟು. ಹೋರಿ ಬ್ಯಾಡಗಿಗೆ ಹೋದ್ರ ಅಭಿಮಾನಿಗಳೂ ಬ್ಯಾಡಗಿಗೆ, ರಾಣೇಬೆನ್ನೂರಿಗೆ ಹೋದ್ರ ಅಲ್ಲಿಗೆ. ಹಬ್ಬ ಇಷ್ಟು ಬೆಳೆದಿರೋದು ಯಾಕ? ಹೋರಿ ನಮ್ಮ ಕಣ್ಣ ಮುಂದೆ ಓಡ್ತೈತಿ. ಟಿವಿಯೊಳಗ ಮಾತ್ರ ಓಡಿದ್ರ ಯಾರು ಟೀ ಶರ್ಟ್ ಹೊಲಿಸ್ತಿದ್ದರು?

7/9
ಈ ಫೋಟೋದಾಗ ಬರೀ ಕೈ ಐತಿ. ಮುಖ ಹಾಕಬ್ಯಾಡ, ಹೆಸರೂ ಹಾಕಬ್ಯಾಡ ಅಂತ ಹೇಳ್ಯಾನ. ಕೈ ನೋಡಿದ್ರ ಕೆಲವರಿಗೆ ಗೊತ್ತಾಗ್ತೈತಿ, ಸುಮ್ಮನಿರ್ರಿ.

ನಮ್ಮ ಜೋಡಿ ಆಡಿದವರೊಳಗ ಇವನಷ್ಟು ಜೋರಾಗಿ ಬಾಲ್ ಹಾಕೋನ ನಾನು ನೋಡಿಲ್ಲ. ಒಂದು ಸಲ ಹುಬ್ಬಳ್ಳಿಗೆ ಸೆಲೆಕ್ಷನ್‌ಗೆ ಹೋಗಿದ್ದ. ನಾನೂ ಜೊತೆಗಿದ್ದೆ. ಬೇರೆಯವರ ಬೂಟು ಕೇಳಿ ತಂದಿದ್ದ, ಒಂದು ಸೈಜು ದೊಡ್ಡದು, ಒಳಗ ಅರಿವಿ ತುರುಕಿದ್ದ. ಅಲ್ಲಿ ಕೈಗೆ ಲೆದರ್ ಬಾಲ್ ಕೊಟ್ಟರು. ಅವ ಹುಟ್ಟಿದ ಮ್ಯಾಲೆ ಲೆದರ್ ಬಾಲ್ ಹಿಡಿದದ್ದು ಅದೇ ಮೊದಲು. ಮೊದಲ ಬಾಲ್ ವೈಡ್. ಎರಡನೇದೂ ವೈಡ್. ಮೂರನೇದು ಬ್ಯಾಟ್ಸ್‌ಮನ್‌ನ ಕಿವಿ ಪಕ್ಕ ಹೋತು. ಆರು ಬಾಲ್ ಮುಗೀತು, ಮುಂದಿನವರು ಬರ್ರಿ ಅಂದ್ರು. ನೋಡಾಕ ಕುಂತವರ ತಪ್ಪೇನೂ ಇಲ್ಲ. ನೂರಾರು ಹುಡುಗರು ಸಾಲಿನಾಗ ಇದ್ದರು, ಅವರಿಗೂ ಟೈಮ್ ಬೇಕಲ್ಲ.

ವಾಪಸ್ ಬರುವಾಗ ರೈಲಿನಾಗ ನಮ್ಮೂರು ಹತ್ತಿರ ಬರೋತನಕ ಮಾತಾಡಲಿಲ್ಲ. ಆಮೇಲೆ ಒಂದೇ ಮಾತು ಅಂದ: "ಲೇ, ಆ ಬಾಲ್ ಕೈಯಾಗ ಎಷ್ಟು ಗಟ್ಟಿ ಕೂಡ್ತೈತಿ ಗೊತ್ತೇನ. ಒಂದು ತಿಂಗಳು ಸಿಕ್ಕಿದ್ರ ಸಾಕಿತ್ತು."

ಈಗ ಗ್ಯಾರೇಜಿನಾಗ ಕೆಲಸ ಮಾಡ್ತಾನ. ಇವತ್ತು ರಾತ್ರಿ ಕೆಲಸ ಮುಗಿಸಿ ನನ್ನ ಮೊಬೈಲಿನಾಗ ಫೈನಲ್ ನೋಡಾಕ ಬರ್ತಾನ. ಅವನಿಗೆ ಕರುಣೆ ತೋರಿಸಾಕ ಇದನ್ನ ಬರೆದಿಲ್ಲ. ಅವ ಓದಿದ್ರ ನನಗ ಒದೀತಾನ. ಆ ಒಂದು ತಿಂಗಳ ಲೆದರ್ ಬಾಲ್ ಎಲ್ಲಿ ಸಿಗಬೇಕಿತ್ತು, ಅದು ನನ್ನ ಪ್ರಶ್ನೆ.

8/9
ಗದಗಿನ ಸುನಿಲ್ ಜೋಶಿ ಅವರ ಕಥೆ ನಿಮಗೆ ಗೊತ್ತಿರಬಹುದು. ಕ್ರಿಕೆಟ್ ಪ್ರಾಕ್ಟೀಸ್‌ಗೆ ಅಂತ ಗದಗಿನಿಂದ ಹುಬ್ಬಳ್ಳಿಗೆ ದಿನಾ ರೈಲಿನಾಗ ಓಡಾಡಿದವರು. 1999ರಾಗ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಈ ಕಥೆ ಹೇಳಿ ನಮಗೆ ಎಲ್ಲರೂ ಬುದ್ಧಿ ಹೇಳ್ತಾರ: ನೋಡು, ಮನಸ್ಸಿದ್ರ ಮಾರ್ಗ. ನಾನು ಅದನ್ನ ಉಲ್ಟಾ ಓದ್ತೀನಿ. ಹುಬ್ಬಳ್ಳಿಯೊಳಗ ಆಡೋ ಜಾಗ ಇತ್ತು, ರೈಲು ಅಲ್ಲಿಗೆ ಹೋಗ್ತಿತ್ತು, ಅದಕ್ಕ ಆ ಮನಸ್ಸಿಗೆ ಮಾರ್ಗ ಸಿಕ್ಕಿತು.

ನನ್ನ ಮಾತಿಗೆ ಏನು ಉತ್ತರ ಬರ್ತೈತಿ ಅಂತ ಗೊತ್ತು. ಒಂದೇ ಊರಾಗ ನಡೆಸಿದ್ರ ಖರ್ಚು ಕಡಿಮಿ, ಕ್ಯಾಮೆರಾ ಸಾಗಿಸೋದು ಬ್ಯಾಡ. ಒಪ್ಪಿದೆ. ಆಗಸ್ಟ್‌ನಾಗ ನಮ್ಮ ಕಡೆ ಮಳಿ. ಅದೂ ಒಪ್ಪಿದೆ, ಈ ವರ್ಷ ಒಂದನ್ನ ಬಿಟ್ಟು. ಈ ಸಲ ಮಳಿ ಕೈ ಕೊಟ್ಟು ಗೋವಿನಜೋಳ ಬಾಡಾಕತ್ತೈತಿ, ವರದಾ ಹೊಳಿ ನೋಡಿದ್ರ ಬ್ಯಾಸರ ಆಗ್ತೈತಿ. ಮತ್ತೊಂದು ದೊಡ್ಡ ಮಾತು, ನಂಬಿಕೆ. 2019ರಾಗ ಕೆಪಿಎಲ್ ಗೆದ್ದದ್ದು ಹುಬ್ಬಳ್ಳಿ ಟೈಗರ್ಸೇ. ಅದಾದ ಮ್ಯಾಲೆ ಫಿಕ್ಸಿಂಗ್ ಆರೋಪ, ಅರೆಸ್ಟ್, ಕೋರ್ಟು. ಲೀಗೇ ನಿಂತು ಹೋತು. ಆ ಕಪ್ ನೆನಪಾದ್ರ ಖುಷಿಯ ಜೊತೆ ಸಂಶಯನೂ ಬರ್ತೈತಿ. ಅದಕ್ಕ ಇವತ್ತಿನ ಕಪ್ ನಮಗೆ ಇನ್ನೂ ಹೆಚ್ಚು ಬೇಕು, ಯಾರೂ ಬೆರಳು ತೋರಿಸದಂಥಾ ಕಪ್.

ಮತ್ತ ನಂಬಿಕೆ ಎಲ್ಲಿ ಬೆಳೀತೈತಿ? ಖಾಲಿ ಕುರ್ಚಿ ಮುಂದೆ ಆಡಿದ್ರ ಬೆಳೆಯಂಗಿಲ್ಲ. ತಮ್ಮೂರ ಮಂದಿ ಬೇಲಿ ಹಿಡಿದು ನಿಂತು ನೋಡ್ತಿದ್ರ ಆಟಗಾರನಿಗೂ ಒಂದು ಮುಲಾಜು ಇರ್ತೈತಿ. ಊರ ಮುಂದೆ ಮಾನ ಕಳಕೊಳ್ಳಾಕ ಯಾರಿಗೂ ಮನಸ್ಸು ಬರಂಗಿಲ್ಲ.

9/9
ಹಂಗಂತ ಇವತ್ತು ಮ್ಯಾಚ್ ನೋಡಬ್ಯಾಡ್ರಿ ಅಂತ ನಾನು ಹೇಳಂಗಿಲ್ಲ. ಉಲ್ಟಾ, ಎಲ್ಲರೂ ನೋಡ್ರಿ. "ನಮ್ಮ ಕಡೆ ನೋಡೋರೇ ಇಲ್ಲ" ಅನ್ನೋ ಮಾತಿಗೆ ಜಾಗ ಕೊಡಬ್ಯಾಡ್ರಿ. ಹೆಸರಷ್ಟೇ ನಮ್ಮದಾದ್ರೂ ಸರಿ, ಅದನ್ನ ಗಟ್ಟಿಯಾಗಿ ಹಿಡ್ಕೊಂಡ್ರ ಮಾತ್ರ ಉಳಿದದ್ದು ಕೇಳಾಕ ನಮಗೆ ಬಾಯಿ ಇರ್ತೈತಿ.

ನಾನು ಕೇಳೋದು ಎರಡೇ. ಮುಂದಿನ ವರ್ಷ ಹುಬ್ಬಳ್ಳಿಯೊಳಗ ನಾಕು ಮ್ಯಾಚ್ ಆಡಿಸ್ರಿ. ಫೈನಲ್ ಬ್ಯಾಡ, ನಾಕು ಲೀಗ್ ಮ್ಯಾಚ್ ಸಾಕು. ಮಳಿ ಕಾಟ ಇದ್ರ ದಿನಾಂಕ ಹಿಂದೆ ಹಾಕ್ರಿ. ಎರಡನೇದು, ಪ್ರತಿ ತಾಲ್ಲೂಕಿಗೆ ಒಂದು ಮ್ಯಾಟ್ ಪಿಚ್, ಒಂದು ಡಬ್ಬಿ ಲೆದರ್ ಬಾಲ್, ವಾರಕ್ಕ ಎರಡು ದಿನ ಹೇಳಿಕೊಡೋರು ಒಬ್ಬರು. ಕಾರಹುಣ್ಣಿಮಿ ಬಂಡಿ ನೋಡಾಕ ಸುತ್ತಲ ಹಳ್ಳಿ ಮಂದಿಯೆಲ್ಲಾ ನಮ್ಮ ಕರ್ಜಗಿಗೆ ಬರ್ತಾರ, ಜಾಗ ಕೊಟ್ರ ಮಂದಿ ತಾವೇ ಬರ್ತಾರ. ಕ್ರೀಡಾ ದಿನದ ಸ್ಟೇಟಸ್ 24 ತಾಸಿಗೆ ಹೋಗಿಬಿಡ್ತೈತಿ. ಮ್ಯಾಟ್ ಹಾಕಿದ್ರ ಹತ್ತು ವರ್ಷದ ಹುಡುಗರು ಅದರ ಮೇಲೆ ಆಡ್ತಾರ.

ಈಗ ಕಾಮೆಂಟಿನಾಗ ನಿಮ್ಮ ಊಹೆ ಹಾಕ್ರಿ: ಯಾರು ಗೆಲ್ತಾರ, ಎಷ್ಟು ರನ್ನಿಂದ, ಕರುಣ್ ಎಷ್ಟು ಹೊಡೀತಾರ. ಮ್ಯಾಚ್ ಶುರು ಆದ ಮ್ಯಾಲೆ ಹಾಕಿದ್ದು, ಎಡಿಟ್ ಮಾಡಿದ್ದು ಲೆಕ್ಕಕ್ಕಿಲ್ಲ. ಕರ್ಜಗಿಯವರು ರಾತ್ರಿ ನಮ್ಮ ಮನಿ ಕಟ್ಟಿಗೆ ಬರ್ರಿ. ಮೊಬೈಲ್ ಒಂದೇ ಐತಿ, ಮಂದಿ ಹತ್ತು ಆಗ್ತೀವಿ, ಚಾರ್ಜರ್ ಯಾರಾದ್ರೂ ತರ್ರಿ. ಮುಂದಿನ ಜಾಗ ಮಾತ್ರ ಆ ಗ್ಯಾರೇಜಿನವನಿಗೆ ಹಿಡಿದಿಟ್ಟೀನಿ.

#ಹುಬ್ಬಳ್ಳಿಟೈಗರ್ಸ್ #ಮಹಾರಾಜಟ್ರೋಫಿ #ಕರ್ಜಗಿ #ಹಾವೇರಿ #ಹುಬ್ಬಳ್ಳಿಗೂಮ್ಯಾಚ್‌ಬರಲಿ