ಮಗುವಿನ ಮುಖದ ಬಾವು

ಎರಡರಿಂದ ಆರು ವರ್ಷದ ಮಗುವು ಬೆಳಗ್ಗೆ ಎದ್ದಾಗ ಕಣ್ಣಿನ ರೆಪ್ಪೆಗಳು ಊದಿಕೊಂಡಿರುತ್ತವೆ. ಸಂಜೆಯ ವೇಳೆಗೆ ಆ ಬಾವು ಕಾಲಿಗೆ ಇಳಿದಿರುತ್ತದೆ. ಮನೆಯ ಹಿರಿಯರಿಗೆ ಮೊದಲು ತೋರುವುದು ನೆಗಡಿ, ಆಮೇಲೆ ಕೆಟ್ಟ ದೃಷ್ಟಿ. ಮೂತ್ರದ ಕಡೆಗೆ ಯಾರ ಗಮನವೂ ಹರಿಯುವುದಿಲ್ಲ. ಆದರೆ ಇಂತಹ ಬಾವಿನ ಮೂಲವು ಅನೇಕ ವೇಳೆ ಮೂತ್ರಪಿಂಡದಲ್ಲಿರುತ್ತದೆ. ಅಲ್ಲಿಯ ಸೂಕ್ಷ್ಮ ಜರಡಿಗಳು ಸಡಿಲಗೊಂಡು, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತದೆ. ವೈದ್ಯರು ಇದನ್ನು ನೆಫ್ರಾಟಿಕ್ ಸಿಂಡ್ರೋಮ್ ಎನ್ನುತ್ತಾರೆ.

ಹೆಸರು ಕೇಳಿ ತಾಯಂದಿರು ಎದೆಗುಂದಬೇಕಾಗಿಲ್ಲ. ಪ್ರೆಡ್ನಿಸೊಲೋನ್ ಗುಳಿಗೆಯಿಂದ ಹೆಚ್ಚಿನ ಮಕ್ಕಳಲ್ಲಿ ಕೆಲವೇ ವಾರಗಳಲ್ಲಿ ಸೋರಿಕೆ ನಿಲ್ಲುತ್ತದೆ. ಕಷ್ಟವು ಪ್ರಾರಂಭವಾಗುವುದು ಅಲ್ಲಿಂದ ಮುಂದೆ. ಬಾವು ಇಳಿಯಿತೆಂದು ಗುಳಿಗೆಯನ್ನು ತಟ್ಟನೆ ನಿಲ್ಲಿಸುವ ಮನೆಗಳಿವೆ, ಅದು ಅಪಾಯಕರ. ಇನ್ನು ರೋಗವೂ ಒಮ್ಮೆಗೇ ಬಿಟ್ಟುಹೋಗುವ ಸ್ವಭಾವದ್ದಲ್ಲ. ಬಹಳಷ್ಟು ಮಕ್ಕಳಲ್ಲಿ ಅದು ಮತ್ತೆ ಮರುಕಳಿಸುತ್ತದೆ.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಸಿಂಧನೂರು, ಹಟ್ಟಿಯ ಚಿನ್ನದ ಗಣಿಯುಳ್ಳ ಲಿಂಗಸುಗೂರು ತಾಲ್ಲೂಕು, 1915ರಲ್ಲಿ ದೊರೆತ ಶಾಸನದಿಂದ ಅಶೋಕನ ಹೆಸರನ್ನೇ ಲೋಕಕ್ಕೆ ತಿಳಿಸಿದ ಮಸ್ಕಿ: ಈ ಸೀಮೆಯಿಂದ ಬೆಂಗಳೂರು ಒಂದು ರಾತ್ರಿಯ ಬಸ್ಸಿನ ದಾರಿ. (ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿಸಿದೆನೆಂದು ಆ ಅರಸನೇ ಹೇಳಿಕೊಂಡಿದ್ದಾನೆ, ಆದರೆ ಅದು ಬೇರೊಂದು ಬಂಡೆಯ ಮಾತು, ಮಸ್ಕಿಯದಲ್ಲ.) ತಿಂಗಳಿಗೊಮ್ಮೆ ಅಷ್ಟು ದೂರ ಹೋಗಿಬರಬೇಕೆಂದರೆ ಕೂಲಿ ತಪ್ಪುತ್ತದೆ, ಶಾಲೆ ತಪ್ಪುತ್ತದೆ; ಕೊನೆಗೆ ಔಷಧವೂ ತಪ್ಪುತ್ತದೆ.

ಆದುದರಿಂದಲೇ ಈ ರೋಗದಲ್ಲಿ ಚಿಕಿತ್ಸೆಯಷ್ಟೇ ಬೋಧನೆಗೂ ಬೆಲೆ. ತಾಯಿಗೆ ಕಲಿಸಬೇಕಾದ ವಿದ್ಯೆಯೇನೂ ಕಠಿಣವಾದುದಲ್ಲ. ಬೆಳಗಿನ ಮೊದಲ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ತೆಗೆದುಕೊಂಡು, ವೈದ್ಯರು ಕೊಟ್ಟ ಸಲ್ಫೊಸ್ಯಾಲಿಸಿಲಿಕ್ ಆಮ್ಲದ ಕೆಲವು ಹನಿಗಳನ್ನು ಬೆರೆಸಿದರೆ, ಪ್ರೋಟೀನಿದ್ದಲ್ಲಿ ಅದು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಆಮ್ಲದ ಬದಲು ಬಣ್ಣ ಬದಲಿಸುವ ಪಟ್ಟಿಯನ್ನೂ ಬಳಸಬಹುದು. ಕಂಡದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಬೇಕು. ಮೂರು ದಿನ ಸತತವಾಗಿ ಗಾಢವಾದ ಬಿಳುಪು ಕಂಡರೆ ರೋಗ ಮರುಕಳಿಸಿದೆಯೆಂದೇ ಅರ್ಥ. ಮುಖ ಊದುವವರೆಗೆ ಕಾಯದೆ ವೈದ್ಯರಿಗೆ ತಿಳಿಸಬಹುದು. ಊಟದಲ್ಲಿಯೂ ಅಷ್ಟೇ. ಜೋಳದ ರೊಟ್ಟಿಯಿಂದ ತೊಂದರೆಯಿಲ್ಲ. ಬಾವಿರುವಾಗ ದೂರವಿಡಬೇಕಾದದ್ದು ಅದರ ಪಕ್ಕದ ಉಪ್ಪಿನಕಾಯಿ, ಹಪ್ಪಳಗಳನ್ನು. ಗುಳಿಗೆಯ ಪ್ರಮಾಣ ಹೆಚ್ಚಿರುವಾಗ ಕೆಲವು ಲಸಿಕೆಗಳನ್ನು ಮುಂದೂಡಬೇಕಾಗುತ್ತದೆ. ಜ್ವರ ಬಂದರೆ ಉದಾಸೀನ ಸಲ್ಲದು. ಈ ಮಕ್ಕಳಿಗೆ ಸೋಂಕು ಬೇಗ ತಗುಲುತ್ತದೆ.

ಬೆಂಗಳೂರಿನಲ್ಲಿ 1963ರಲ್ಲಿ ಪ್ರಾರಂಭವಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮಕ್ಕಳ ಮೂತ್ರಪಿಂಡಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಡಾ. ಕಿಶೋರ್ ಫಡ್ಕೆಯವರು ಪ್ರಮುಖರು. ಅಲ್ಲಿ ರೋಗಿಗಳನ್ನು ನೋಡುವುದರ ಜೊತೆಗೆ ಎಳೆಯ ವೈದ್ಯರಿಗೆ ತರಬೇತಿಯೂ ನಡೆಯುತ್ತದೆ. ಕೆನಡಾದ ಇಬ್ಬರು ತಜ್ಞರೊಡನೆ ಫಡ್ಕೆಯವರು ಸಂಪಾದಿಸಿದ ಮಕ್ಕಳ ಮೂತ್ರಪಿಂಡ ರೋಗಗಳ ಕೈಪಿಡಿಯು 2014ರಲ್ಲಿ ಹೊರಬಂದಿತು. ಇಂತಹ ತರಬೇತಿ ಪಡೆದವರು ಜಿಲ್ಲೆಗಳಿಗೂ ಬಂದು ನೆಲೆಸಿದಾಗಲೇ ಮಸ್ಕಿಯ ಮಗುವಿನ ಪ್ರಯಾಣ ಕುಗ್ಗುವುದು.

ಸಂಶೋಧನೆಯ ಫಲವು ಬಡವರ ಮನೆಗೆ ತಲಪುವುದಿಲ್ಲವೆಂಬ ದೂರನ್ನು ಆಗಾಗ ಕೇಳುತ್ತೇವೆ. ಈ ವಿಷಯದಲ್ಲಿ ಅದು ಪೂರ್ತಿ ನಿಜವಲ್ಲ. ಮೊದಲ ಸಲ ರೋಗ ಬಂದಾಗ ಗುಳಿಗೆಯನ್ನು ಮೂರು ತಿಂಗಳು ಕೊಡಬೇಕೇ, ಆರು ತಿಂಗಳು ಕೊಡಬೇಕೇ ಎಂಬುದು ವೈದ್ಯರಲ್ಲಿ ಬಹುಕಾಲದ ಚರ್ಚೆಯಾಗಿತ್ತು. ಹೆಚ್ಚು ದಿನ ಕೊಟ್ಟರೆ ಮರುಕಳಿಕೆ ಕಡಿಮೆಯಾದೀತೆಂದು ಹಲವರು ನಂಬಿದ್ದರು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಜ್ಞರು ಭಾರತದ ಮಕ್ಕಳಲ್ಲಿಯೇ ನಡೆಸಿದ ಪರೀಕ್ಷೆಯ ಫಲಿತಾಂಶವು 2015ರಲ್ಲಿ ಪ್ರಕಟವಾಯಿತು: ಆರು ತಿಂಗಳು ಕೊಟ್ಟುದರಿಂದ ಹೇಳಿಕೊಳ್ಳುವಂತಹ ಲಾಭವಿಲ್ಲ. ಮುಖ ದುಂಡಗಾಗುವುದು, ಎತ್ತರ ಕುಂಠಿತವಾಗುವುದು ಮುಂತಾದ ಉಪದ್ರವಗಳನ್ನು ತರಬಲ್ಲ ಗುಳಿಗೆಯನ್ನು ಇನ್ನೂ ಮೂರು ತಿಂಗಳು ನುಂಗುವ ಕಷ್ಟವು ಅಷ್ಟರಮಟ್ಟಿಗೆ ತಪ್ಪಿತು.